ಎಂಬತ್ತು ಸಾವಿರ ಜನ

"ಆ ಎಂಬತ್ತು ಸಾವಿರ ಜನ ಎಲ್ಲಿ ಹೋದರು ಅಂತ ನೀವೇ ಹೋಗಿ ಮೇಷ್ಟ್ರನ್ನ ಕೇಳಿಬಿಡಿ."

ತಿಪ್ಪಯ್ಯನ ಹೆಂಡತಿ ಸುಲೋಚನಾ ಆಡಿದ ಕಡೆಯ ಮಾತು ಅದು. ಆಸ್ಪತ್ರೆಯಲ್ಲಿ ತಳ್ಳುಮಂಚದ ಮೇಲೆ ಮಲಗಿ, ಒಳಗಿನ ಕೋಣೆಯ ಬಾಗಿಲು ತೆರೆಯುವುದನ್ನು ಕಾಯುತ್ತ ಹೇಳಿದಳು. ಮೂರು ದಿನದ ಜ್ವರ ತಲೆಗೇರಿತ್ತು. ಆದರೂ ತುಟಿಯ ಮೂಲೆಯಲ್ಲಿ ಸಣ್ಣ ನಗೆ ಇತ್ತು. ಬಾಗಿಲು ತೆರೆಯಿತು. ಅವಳನ್ನು ಒಳಗೆ ತಳ್ಳಿಕೊಂಡು ಹೋದರು. ತಿಪ್ಪಯ್ಯ ಹೊರಗೆ ನಿಂತ. ಮತ್ತೆ ಅವಳು ಮಾತಾಡಲಿಲ್ಲ.

ಪ್ರಶ್ನೆ ಅವಳದಲ್ಲ. ತಿಪ್ಪಯ್ಯನದೇ.

ತಿಪ್ಪಯ್ಯ ಓದಿದ್ದು ನಾಲ್ಕನೆಯ ಇಯತ್ತೆ. ಊರಿಗೆ ಕುಡಿಯುವ ನೀರು ಕೊಡುವ ಕೆರೆಯಲ್ಲಿ ಅವನಿಗೆ ಕೆಲಸ. ಕೆರೆಯೊಳಗೆ ಅಡಿ, ಅಂಗುಲ ಗುರುತು ಹಾಕಿದ ಒಂದು ಕಂಬವಿದೆ. ದಿನಾ ಬೆಳಿಗ್ಗೆ ಎಂಟಕ್ಕೆ ನೀರು ಎಲ್ಲಿಗಿದೆ ಎಂದು ನೋಡಬೇಕು. ರಿಜಿಸ್ಟರಿನಲ್ಲಿ ಬರೆಯಬೇಕು. ನೀರು ಇಳಿದಿದ್ದರೆ ಪಕ್ಕದ ಷರಾ ಕಾಲಮ್ಮಿನಲ್ಲಿ ಕಾರಣ ಬರೆಯಬೇಕು. ತೂಬು ತೆರೆದಿದೆ. ಬಿಸಿಲು ಹೆಚ್ಚು. ಏರಿ ಜಿನುಗುತ್ತಿದೆ. ಇಪ್ಪತ್ತೆರಡು ವರ್ಷದಲ್ಲಿ ನೀರು ಇಳಿದ ಒಂದು ದಿನವೂ ಅವನು ಷರಾ ಖಾಲಿ ಬಿಟ್ಟವನಲ್ಲ.

ಸುಲೋಚನಾ ನರ್ಸು. ಹೊರದೇಶದ ಆಸ್ಪತ್ರೆಗೆ ಹೋಗಬೇಕೆಂದು ಅವಳಿಗೆ ಆಸೆ. ಅದಕ್ಕೆ ಇಂಗ್ಲಿಷಿನ ಪರೀಕ್ಷೆ ಕಟ್ಟಬೇಕು. ಒಮ್ಮೆ ಕಟ್ಟಿ, ಬರೆಯುವುದರಲ್ಲಿ ಅರ್ಧ ಅಂಕಕ್ಕೆ ಹೋಗಿತ್ತು. ಮತ್ತೆ ನಾಗಭೂಷಣ ಮೇಷ್ಟ್ರ ಪಾಠಕ್ಕೆ ಸೇರಿದಳು. ಬೇರೆಯವರೆಲ್ಲ ಇಪ್ಪತ್ತರವರು, ಇವಳೊಬ್ಬಳಿಗೆ ನರೆತ ಕೂದಲು.

"ನಾನು ಹೋದರೆ ನಿಮ್ಮನ್ನೂ ಕರಕೊಂಡು ಹೋಗ್ತೀನಿ" ಎನ್ನುತ್ತಿದ್ದಳು. "ಅಲ್ಲೂ ಯಾವುದಾದರೂ ಕೆರೆ ಇರುತ್ತೆ. ಅಳೀತಾ ಕೂತುಕೊಳ್ಳಿ."

"ನೀರಿಗೆ ಇಂಗ್ಲಿಷ್ ಬೇಡ" ಎನ್ನುತ್ತಿದ್ದ ತಿಪ್ಪಯ್ಯ.

ಪರೀಕ್ಷೆಯಲ್ಲಿ ಒಂದು ಗೆರೆಯ ಚಿತ್ರ ಕೊಡುತ್ತಾರೆ. ಒಂದು ನಗರ, ಇಂಥ ವರ್ಷ ಇಷ್ಟು ಜನ, ಇಂಥ ವರ್ಷ ಅಷ್ಟು ಜನ. ಗೆರೆ ನೋಡಿ ನೂರೈವತ್ತು ಪದ ಬರೆಯಬೇಕು. ಇಪ್ಪತ್ತು ನಿಮಿಷ. ಮೇಷ್ಟ್ರು ಮನೆಗೆ ಕೊಟ್ಟ ಹಾಳೆಯಲ್ಲಿ ಗೆರೆ ಎರಡು ಲಕ್ಷದಿಂದ ಹೊರಟು ಐದು ಲಕ್ಷಕ್ಕೆ ಏರಿತ್ತು. ಆಮೇಲೆ ನಾಲ್ಕು ಲಕ್ಷದ ಇಪ್ಪತ್ತು ಸಾವಿರಕ್ಕೆ ಇಳಿದಿತ್ತು. ಆಮೇಲೆ ಮತ್ತೆ ಏರಿತ್ತು. ಆ ಒಂದು ಹಾಳೆಯನ್ನೇ ಅವಳು ಒಂದು ವಾರ ದಿನಾ ಸಂಜೆ ಬರೆದಳು. ತಿಪ್ಪಯ್ಯ ಗಡಿಯಾರ ಹಿಡಿದು ಕೂರುತ್ತಿದ್ದ. ಇಂಗ್ಲಿಷ್ ಓದಲು ಬರದು. ಆದರೆ ಎಣಿಸಲು ಬರುತ್ತಿತ್ತು. ಒಂದು ಪದಕ್ಕೆ ಒಂದು ಹುಣಿಸೆಬೀಜ ಇಟ್ಟು ಎಣಿಸುತ್ತಿದ್ದ.

ಮೊದಲ ದಿನ ಅವಳು ಬರೆದದ್ದನ್ನು ಕನ್ನಡದಲ್ಲಿ ಹೇಳಿದಳು. ತಿಪ್ಪಯ್ಯ ಹಾಳೆ ತೆಗೆದುಕೊಂಡು, ಗೆರೆ ಇಳಿದಲ್ಲಿ ಬೆರಳಿಟ್ಟ.

"ಇಲ್ಲಿ ಎಂಬತ್ತು ಸಾವಿರ ಜನ ಕಮ್ಮಿಯಾದರಲ್ಲ. ಏನಾದರು?"

"ಅದನ್ನ ಬರೀಬಾರದು. ಕಾರಣ ಬರೆದರೆ ಅಂಕ ಹೋಗುತ್ತೆ. ಕಂಡದ್ದಷ್ಟೇ ಬರೀಬೇಕು."

"ಯಾಕೆ ಇಳೀತು ಅಂತ ಬರೀದೆ ಇಳೀತು ಅಂತ ಬರೆದರೆ ನಮ್ಮ ಇಂಜಿನಿಯರ್ ರಿಜಿಸ್ಟರ್ ಮುಖಕ್ಕೆ ಎಸೀತಾರೆ."

"ಇದು ನಿಮ್ಮ ಕೆರೆ ಅಲ್ಲ."

"ನೀರೇ ಸುಮ್ಮನೆ ಇಳಿಯೋದಿಲ್ಲ. ಜನ ಇಳೀತಾರಾ?"

ಮರುದಿನವೂ ಕೇಳಿದ. ಅದರ ಮರುದಿನವೂ ಕೇಳಿದ. ಬೇನೆಯೋ, ಬೆಂಕಿಯೋ, ನೀರು ಬತ್ತಿತೋ. ಅವಳು ಮೊದಮೊದಲು ನಕ್ಕಳು. ಆಮೇಲೆ ಬೈದಳು. ಏಳನೆಯ ಸಂಜೆ ಬರೆದು ಮುಗಿಸಿದಾಗ ಅವನು ಬೀಜ ಎಣಿಸಿ ಹೇಳಿದ. "ನೂರ ಮೂವತ್ತೆಂಟು. ಇನ್ನೂ ಹನ್ನೆರಡು ಬೇಕು."

ಅವಳು ಪೆನ್ನು ಕಚ್ಚಿ ಯೋಚಿಸಿದಳು. ಬಗ್ಗಿ ಇನ್ನೊಂದು ಸಾಲು ಬರೆದಳು. ಅವನು ಅದನ್ನೂ ಎಣಿಸಿದ. ಹದಿಮೂರು ಬೀಜ.

"ಏನು ಬರೆದೆ?"

"ನಿಮ್ಮ ತಲೆಹರಟೆ" ಎಂದಳು. ಹಾಳೆಯನ್ನು ಮರುದಿನ ಮೇಷ್ಟ್ರಿಗೆ ಕೊಟ್ಟು ಬಂದಳು. ಅಂದು ರಾತ್ರಿ ಜ್ವರ ಹತ್ತಿತು.

ಅವಳು ಹೋದ ಇಪ್ಪತ್ತನೆಯ ದಿನ ತಿಪ್ಪಯ್ಯ ನಾಲ್ಕು ದಿನದ ರಜೆಗೆ ಅರ್ಜಿ ಕೊಟ್ಟ. ಸಂಜೆ ಮೇಷ್ಟ್ರ ಮನೆಗೆ ಹೋದ. ಅವನು ಅವರ ಶಿಷ್ಯನಲ್ಲ. ಶಿಷ್ಯೆ ಸತ್ತಿದ್ದಳು. ಅವಳು ಒಪ್ಪಿಸಿದ ಪ್ರಶ್ನೆ ಹೊತ್ತು ಬಂದವನು. ಕೈಯಲ್ಲಿ ಒಂದು ಬಟ್ಟೆಯ ಚೀಲವಿತ್ತು. ಮೇಷ್ಟ್ರು ಮುದುಕರು, ಒಂಟಿ. ಪಾಠ ಮುಗಿದು ಹುಡುಗಿಯರೆಲ್ಲ ಹೋಗಿದ್ದರು. ಅವರು ಚಾಪೆ ಹಾಸಿದರು.

"ಕೂತುಕೊಳ್ಳಿ ತಿಪ್ಪಯ್ಯ."

ಅವನು ಕುಳಿತ. ಸುತ್ತಿ ಬಳಸಿ ಮಾತಾಡಲು ಬಾರದವನು. "ಸಾರ್, ಆ ಎಂಬತ್ತು ಸಾವಿರ ಜನ ಎಲ್ಲಿ ಹೋದರು?" ಎಂದ. ಆಮೇಲೆ ಹೆಂಡತಿ ಏನು ಹೇಳಿದಳು, ಎಲ್ಲಿ ಹೇಳಿದಳು ಎಂಬುದನ್ನು ಹೇಳಿದ.

ಮೇಷ್ಟ್ರು ಎದ್ದುಹೋಗಿ ಹಾಳೆಗಳ ಕಟ್ಟು ಬಿಚ್ಚಿ ಒಂದನ್ನು ತಂದರು. ಸುಲೋಚನಾಳ ಅಕ್ಷರ. ಕಡೆಯ ಸಾಲಿನ ಮೇಲೆ ಕೆಂಪು ಶಾಯಿಯ ಗೆರೆ.

"ಇದು ಏನು ಸಾರ್?"

"'ಈ ಎಂಬತ್ತು ಸಾವಿರ ಜನ ಎಲ್ಲಿ ಹೋದರೆಂದು ನನ್ನ ಯಜಮಾನರು ದಿನಾ ಸಂಜೆ ನನ್ನನ್ನು ಕೇಳುತ್ತಾರೆ.' ಹಾಗೆಂದು ಬರೆದಿದ್ದಾಳೆ."

ತಿಪ್ಪಯ್ಯ ಆ ಸಾಲಿನ ಮೇಲೆ ಬೆರಳಾಡಿಸಿದ. ಹದಿಮೂರು.

"ಹೊಡೆದುಹಾಕಿದ್ದೀರಿ."

"ಹಾಕಲೇಬೇಕಿತ್ತು. ಅದು ಚಿತ್ರದ ಗೆರೆಯಲ್ಲಿ ಇಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ, "ಒಂದು ಕತೆ ಹೇಳುತ್ತೇನೆ, ಕೇಳಿ" ಎಂದರು.

ಒಂದು ಊರು. ಅದಕ್ಕೊಬ್ಬ ಅರಸ. ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಅವನು ಊರಿನ ತಲೆ ಎಣಿಸುತ್ತಿದ್ದ. ಅಂಕಿ ಹೇಳಿದರೆ ಜನಕ್ಕೆ ತಿಳಿಯದೆಂದು ಕೋಟೆಯ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಗೆರೆ ಎಳೆಸುತ್ತಿದ್ದ. ಜನ ಹೆಚ್ಚಿದರೆ ಗೆರೆ ಮೇಲಕ್ಕೆ. ಕಡಿಮೆಯಾದರೆ ಕೆಳಕ್ಕೆ. ಗೆರೆ ಎಳೆಯುವುದಕ್ಕೆ ಒಬ್ಬ ಕರಣಿಕನಿದ್ದ.

ಆ ಊರಿನಲ್ಲಿ ಒಬ್ಬ ರೈತ. ಒಂದು ವರ್ಷ ಅವನ ಹೆಂಡತಿ ಸತ್ತಳು. ಸುಗ್ಗಿ ಮುಗಿದ ಮೇಲೆ ರೈತ ಗೋಡೆಯ ಹತ್ತಿರ ಹೋದ. ಆ ವರ್ಷದ ಗೆರೆ ಏರಿತ್ತು.

"ನನ್ನವಳು ಸತ್ತಳು. ಗೆರೆ ಏರಿದೆಯಲ್ಲ" ಎಂದ.

"ಏರಿದೆ" ಎಂದ ಕರಣಿಕ.

"ಅವಳು ಹೋದದ್ದು ಇದರಲ್ಲಿ ಎಲ್ಲಿದೆ, ತೋರಿಸು."

"ಸಾವಿರ ಜನ ಸೇರಿದರೆ ಒಂದು ರಾಗಿಕಾಳಿನಷ್ಟು ಎತ್ತರ. ರಾಗಿಕಾಳಿನೊಳಗೆ ನಿನ್ನ ಹೆಂಡತಿಯನ್ನು ಹುಡುಕಿಕೋ."

ರೈತ ಮನೆಗೆ ಹೋಗಲಿಲ್ಲ. ಗೋಡೆಯ ಬುಡದಲ್ಲಿ ಕುಳಿತ. ಹೊಲಕ್ಕೆ ಹೋಗೋ ಮಾರಾಯ ಎಂದರು ಊರವರು. ಹೋಗಲಿಲ್ಲ. ಹೊಲ ಬೀಳುಬಿತ್ತು. ಗೆರೆ ಇಳಿಯುವುದನ್ನು ಕಾದ. ಇಳಿದರೆ ಅರಸ ಕೇಳಿಯೇ ಕೇಳುತ್ತಾನೆ, ಕರಣಿಕ ಹೇಳಿಯೇ ಹೇಳಬೇಕು, ಆಗ ನನ್ನವಳ ಸುದ್ದಿಯೂ ಬರುತ್ತದೆ ಎಂದುಕೊಂಡ. ಆರು ವರ್ಷ ಗೆರೆ ಏರಿತು. ಏಳನೆಯ ವರ್ಷ ಊರಿಗೆ ಬೇನೆ ಬಂತು. ಗೆರೆ ಒಂದು ಗೇಣು ಇಳಿಯಿತು.

ರೈತ ಎದ್ದ. ಹೋಗಿ ಕರಣಿಕನ ಕೈ ಹಿಡಿದುಕೊಂಡ. "ಇದು ರಾಗಿಕಾಳಲ್ಲ, ಗೇಣು. ಕುರುಡನಿಗೂ ಕಾಣುತ್ತದೆ. ಈಗ ಹೇಳು. ಹೋದವರೆಲ್ಲ ಎಲ್ಲಿದ್ದಾರೆ?"

ಕರಣಿಕ ಹೇಳಿದ. "ಇಳಿದ ಕಡೆ ಯಾರೂ ಇಲ್ಲಪ್ಪ. ಯಾರೂ ಇಲ್ಲ ಅನ್ನುವುದಕ್ಕೇ ಅದು ಇಳಿದದ್ದು. ಇರುವವರನ್ನು ಎಣಿಸುವುದು ನನ್ನ ಕೆಲಸ. ಇಲ್ಲದವರನ್ನು ಎಲ್ಲಿ ನಿಲ್ಲಿಸಿ ಕೇಳಲಿ?"

"ಅರಸ ಕೇಳಲಿಲ್ಲವೇ?"

"ಕೇಳಿದ. ಬರುವ ವರ್ಷ ಏರುತ್ತದೆಯೇ ಎಂದು ಕೇಳಿದ."

ಬರುವ ವರ್ಷ ಗೆರೆ ಏರಿತು. ಗೋಡೆಯ ಬುಡದಲ್ಲಿ ರೈತ ಇರಲಿಲ್ಲ.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು. ಹೊರಗೆ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ತಿಪ್ಪಯ್ಯ ಕಾದ. ಮುಂದಕ್ಕೆ ಏನೂ ಬರಲಿಲ್ಲ.

"ಅವನಿಗೆ ಉತ್ತರ ಸಿಗಲಿಲ್ಲ" ಎಂದ.

"ಸಿಗಲಿಲ್ಲ."

ತಿಪ್ಪಯ್ಯ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. ಅದರಲ್ಲಿ ಒಂದು ಜೊತೆ ಬಟ್ಟೆ, ಒಂದು ಟವಲು, ಗಂಟು ಕಟ್ಟಿದ ಒಂದಿಷ್ಟು ಅವಲಕ್ಕಿ ಇತ್ತು.

"ಅದು ಕತೆಯ ಊರು ಸಾರ್. ಅಲ್ಲಿ ಅರಸ ಹಾಗಿದ್ದ, ಕರಣಿಕ ಹಾಗಿದ್ದ. ಇದು ಹಾಗಲ್ಲವಲ್ಲ. ಕಾಗದದಲ್ಲಿ ಅಚ್ಚಾಗಿರೋ ಊರು. ಇಸವಿ ಇದೆ, ಅಂಕಿ ಇದೆ. ಅಷ್ಟು ಜನ ಹೋಗಬೇಕಾದರೆ ಅಲ್ಲಿ ಒಂದು ಮುದುಕಿಗಾದರೂ ಗೊತ್ತಿರುತ್ತೆ. ನಾನು ಭಾಷೆ ಬರದವನು, ಆದರೆ ಕೈಸನ್ನೆ ಮಾಡಿಯಾದರೂ ಕೇಳ್ತೀನಿ. ನಾಲ್ಕು ದಿನ ರಜೆ ಹಾಕಿದೀನಿ. ನಾಲ್ಕು ಸಾಲದಿದ್ದರೆ ಇನ್ನೂ ನಾಲ್ಕು ಹಾಕ್ತೀನಿ. ಊರಿನ ಹೆಸರು ಹೇಳಿ ಸಾರ್. ಅವಳು ಇದೊಂದನ್ನ ಕೇಳಿಬಿಡಿ ಅಂದಳು."

ಮೇಷ್ಟ್ರು ಚಾಪೆಯ ಮೇಲಿದ್ದ ಹಾಳೆಯನ್ನು ನೋಡಿದರು. ತಿಪ್ಪಯ್ಯನ ಮುಖ ನೋಡಲಿಲ್ಲ.

"ಅಂಥ ಊರೇ ಇಲ್ಲ, ತಿಪ್ಪಯ್ಯ, ಏರಿತು ಏರಿತು ಎಂದಷ್ಟೇ ಬರೆದರೆ ಕಲಿತಂತಾಗುವುದಿಲ್ಲ, ಇಳಿಯಿತು ಎಂದೂ ಬರೆಯಲಿ ಅಂತ ಆ ಗೆರೆಯನ್ನು ನಾನೇ ಬಗ್ಗಿಸಿದೆ."

ತಿಪ್ಪಯ್ಯ ಚೀಲ ಎತ್ತಿಕೊಂಡು ಎದ್ದ.

ಮರುದಿನ ಬೆಳಿಗ್ಗೆ ಅವನು ರಜೆ ತೆಗೆದುಕೊಳ್ಳಲಿಲ್ಲ. ಎಂಟಕ್ಕೆ ಕೆರೆಗೆ ಹೋದ. ಕಂಬ ನೋಡಿದ. ನೀರು ಎರಡು ಅಂಗುಲ ಇಳಿದಿತ್ತು. ಹಿಂದಿನ ದಿನ ತೂಬು ತೆರೆದದ್ದು ಅವನಿಗೆ ಗೊತ್ತಿತ್ತು. ಅಂಕಿ ಬರೆದ. ಷರಾ ಖಾಲಿ ಬಿಟ್ಟು ರಿಜಿಸ್ಟರ್ ಮುಚ್ಚಿದ.