ಶೀಲವಂತ ಇಟ್ಟ ಕೊಡ

ಹೂಂಗುಟ್ಟುತ್ತ ಕೂತರೆ ಹೇಳ್ತೀನಿ, ನಿದ್ದೆ ಬಂದರೆ ಮಲಗಿ, ಕತೆಗೇನೂ ಬೇಸರವಿಲ್ಲ.

ಹಿನ್ನೀರಿನ ದಂಡೆಯ ಮೇಲೆ ಹೊಸ ಹೊಳೆಗುಂಡಿ ಅಂತ ಒಂದು ಊರು. ಹಳೇ ಹೊಳೆಗುಂಡಿ ನೀರಿನ ಕೆಳಗಿದೆ. ಹೊಸ ಊರಿನಲ್ಲಿ ನೀಲಗಂಗವ್ವ, ಅವಳಿಗೊಬ್ಬನೇ ಮಗ ಶೀಲವಂತ. ಮೂವತ್ತು ವರ್ಷದ ಆಳು. ಕಂಪ್ಯೂಟರ್ ಕಲಿತಿದ್ದ, ಚೆನ್ನಾಗಿಯೇ ಕಲಿತಿದ್ದ. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಹಾಲು ಉಕ್ಕುತ್ತದೆ ನೋಡು ಅಂದರೆ ಉಕ್ಕಿ ಒಲೆ ಆರುವ ತನಕ ನಿಂತು ನೋಡಿ, "ಯವ್ವಾ, ನೋಡಿದೆ" ಅನ್ನುವವನು. ಕಂಪ್ಯೂಟರಿಗೂ ಅದೇ ಗುಣ. ಹಾಗಾಗಿ ಅದಕ್ಕೂ ಅವನಿಗೂ ಬಹಳ ಹೊಂದಿಕೆ. ತಾಯಿ ಮಾತ್ರ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ಊರು ಮುಳುಗಿ ಇಪ್ಪತ್ತೈದು ವರ್ಷವಾಗಿತ್ತು. ಹಳೇ ಊರನ್ನು ಬಲ್ಲ ಮುದುಕರು ಒಬ್ಬೊಬ್ಬರಾಗಿ ಹೋಗುತ್ತಿದ್ದರು. ಅವರೆಲ್ಲ ಹೋಗುವ ಮೊದಲೇ ಊರನ್ನು ಬರೆದಿಡಬೇಕು ಅಂತ ನಿವೃತ್ತಿಯಾದ ದಾಕ್ಷಾಯಣಿ ಟೀಚರ್ ಒಂದು ಕೋಣೆ ಹಿಡಿದರು. ಯಾರ ಮನೆ ಎಲ್ಲಿತ್ತು, ಮಗ್ಗುಲ ಮನೆ ಯಾರದು, ಅಂಗಳದಲ್ಲಿ ಯಾವ ಮರ, ಎಲ್ಲವೂ ಬೇಕು. ಕೋಣೆಯಲ್ಲಿ ಎರಡು ಕಂಪ್ಯೂಟರು. ಎರಡಕ್ಕೂ ಸೇರಿ ಒಂದೇ ಫೈಲು, ಅದರ ಹೆಸರು ಮನೆಪಟ್ಟಿ. ಮಧ್ಯಾಹ್ನ ಉಂಡು ಮುದುಕರು ಬಂದು ಚಾಪೆಯ ಮೇಲೆ ಕೂರುವರು, ಕಣ್ಣು ಮುಚ್ಚುವರು, ಓಣಿಯಲ್ಲಿ ನಡೆಯುತ್ತಿರುವ ಹಾಗೆ ಮೆಲ್ಲಗೆ ಹೇಳುವರು. ಈ ಕಡೆ ಊರಿನ ಹುಡುಗಿ ಹಸೀನಾ ಬರೆಯುವಳು, ಆ ಕಡೆ ಶೀಲವಂತ ಬರೆಯುವನು. ಕೋಣೆ ಗುಡಿಸಿ ಚಹಾ ಕಾಸುವ ಕೆಲಸ ನೀಲಗಂಗವ್ವನದು. ಕಸಬರಿಗೆ ಹಿಡಿದು ಕೇಳುತ್ತ ಕೇಳುತ್ತ ಅವಳು ಹಾಗೇ ನಿಂತುಬಿಡುವಳು. ಅವಳಿಗೆ ಹಿನ್ನೀರು ತಿಳಿಯಾಗಿ, ಕೆಳಗೆ ಓಣಿ ಕಂಡು, ಓಣಿಯಲ್ಲಿ ಯಾರೋ ಕರೆದ ಹಾಗಾಗುವುದು.

ಒಂದು ದಿನ ಮುದುಕ ಖಾಜಾ ಮುತ್ಯಾ ನೇಕಾರರ ಓಣಿಯ ಹನ್ನೆರಡು ಮನೆ ಹೇಳಿದ, ಹಸೀನಾ ಬರೆದಿಟ್ಟಳು. ಅದೇ ಹೊತ್ತಿಗೆ ಶೀಲವಂತನೂ ಅದೇ ಫೈಲು ತೆರೆದು ಕುಂಬಾರರ ಓಣಿ ಬರೆಯುತ್ತಿದ್ದ. ಅವಳು ಉಳಿಸಿದ ಮೇಲೆ ಇವನೂ ಉಳಿಸಿದ. ಇವನ ಪ್ರತಿ ಅವಳ ಪ್ರತಿಯ ಮೇಲೆ ಕೂತಿತು, ಹನ್ನೆರಡು ಮನೆಯೂ ಹೋದವು. ಮುತ್ಯಾನನ್ನು ಮತ್ತೆ ಕರೆಸಿದರು. ಎರಡನೇ ಸಲ ಹತ್ತು ಮನೆ ಹೇಳಿದ. ಉಳಿದೆರಡು ನೆನಪಾಗಲಿಲ್ಲ. ಚಹಾ ಕುಡಿಯದೆ ಎದ್ದು ಹೋದ.

ಟೀಚರ್ ಶೀಲವಂತನನ್ನು ಕರೆದು, ಒಬ್ಬರು ಬರೆಯುವಾಗ ಇನ್ನೊಬ್ಬರ ಕೈಗೆ ಆ ಫೈಲು ಸಿಗಬಾರದಪ್ಪ, ಬೀಗ ಹಾಕು ಅಂದರು. ಶೀಲವಂತ ಹೂಂ ಅಂದ. ಮರುದಿನ ಹಸೀನಾ ಬರೆಯಲು ಕೂತದ್ದೇ ತಡ, ಮನೆಯ ಬೀಗ ಕಿತ್ತು ತಂದು ಕೋಣೆಗೆ ಹಾಕಿ, ಹೊರಗೆ ಕಟ್ಟೆಯ ಮೇಲೆ ಕೂತ. ಹಸೀನಾ ಬರೆದು ಮುಗಿಸಿ ಕಿಟಕಿಯಿಂದ ನೀರು ನೋಡುತ್ತ ಕೂತಳು. ಅತ್ತ ಬೀಗವಿಲ್ಲದ ಮನೆಗೆ ಆಡು ನುಗ್ಗಿ ರೊಟ್ಟಿಯ ಬುಟ್ಟಿ ಖಾಲಿ ಮಾಡಿತು.

ನೀಲಗಂಗವ್ವ ಬಂದು ಬೈದಳು, ಬೈದು ಸಾಕಾಗಿ ಬುದ್ಧಿ ಹೇಳಿದಳು.

"ಬೀಗ ಅಂದ್ರ ಕಬ್ಬಿಣದ ಬೀಗ ಅಲ್ಲೋ ತಮ್ಮಾ. ನಳದ ಮುಂದ ಹೆಣ್ಮಕ್ಕಳು ಕೊಡ ಇಡ್ತಾರ ನೋಡು. ಕೊಡ ಕಂಡ್ರ ಇನ್ನೊಬ್ಬರು ಕಾಯ್ತಾರ. ಹಂಗ ಒಂದು ಗುರುತು ಇಡು."

ಈ ಮಾತು ಅವನಿಗೆ ಹಿಡಿಸಿತು. ಪ್ರೋಗ್ರಾಂ ಬರೆದ. ಯಾರು ಬರೆಯಲು ಕೂತರೂ ಮನೆಪಟ್ಟಿಯ ಪಕ್ಕದಲ್ಲಿ ಒಂದು ಖಾಲಿ ಫೈಲು ಬಂದು ಕೂರುವುದು, ಅದರ ಹೆಸರೇ ಕೊಡ. ಕೊಡ ಕಂಡರೆ ಇನ್ನೊಂದು ಕಂಪ್ಯೂಟರು ಕಾಯುವುದು, ಆ ಫೈಲು ಅಳಿಸಿದರೆ ಕೊಡ ಎತ್ತಿದ ಹಾಗೆ. ಮೊದಲ ದಿನ ಬೆಳಿಗ್ಗೆ ಶೀಲವಂತನೇ ಕೊಡ ಇಟ್ಟು ಐದು ಮನೆ ಬರೆದ, ಎದ್ದು ಸೋದರತ್ತೆಯ ಊರಿಗೆ ಹೋದ. ಕೊಡ ಅಲ್ಲೇ ಉಳಿಯಿತು. ಹಸೀನಾ ಎರಡು ದಿನ ಕೈಕಟ್ಟಿ ಕೂತಳು. ಮುದುಕರು ಹೇಳಿದ್ದೆಲ್ಲ ಗಾಳಿಗೆ ಹೋಯಿತು. ಮೂರನೇ ದಿನ ಶೀಲವಂತ ಬಂದ, ಕೊಡ ನೋಡಿದ, ತಾನೂ ಕೈಕಟ್ಟಿ ಕೂತ.

"ಯಾರ ಹಾದಿ ಕಾಯಾಕತ್ತಿ?" ಅಂತ ತಾಯಿ ಕೇಳಿದಳು.

"ಕೊಡ ಇಟ್ಟವರದು."

"ಇಟ್ಟವರ್ಯಾರು?"

"ನಾನ."

ನೀಲಗಂಗವ್ವ ಚಹಾದ ಪಾತ್ರೆ ಕೆಳಗಿಟ್ಟಳು. ನೀರು ತುಂಬಿದ ಮೇಲೆ ಕೊಡ ಎತ್ತಬೇಕಲ್ಲೋ, ಕೆಲಸ ಮುಗಿದ ಕೂಡಲೇ ಎತ್ತಬೇಕು ಅಂತ ಬೈದಳು. ಶೀಲವಂತ ಹೂಂ ಅಂದ. ಅಂದಿನಿಂದ ಏನು ಕೆಲಸ ಮುಗಿದರೂ ಕೊಡ ಎತ್ತಿದ. ಊಟ ಮುಗಿಯಿತು, ಬಂದು ಕೊಡ ಎತ್ತಿದ. ಕ್ಷೌರ ಮುಗಿಯಿತು, ಬಂದು ಕೊಡ ಎತ್ತಿದ. ಕೊಡ ಹಸೀನಾಳದು, ಅವಳಿನ್ನೂ ಬರೆಯುತ್ತಿದ್ದಾಳೆ! ಜಾಗ ಖಾಲಿ ಅಂತ ತಿಳಿದು ಇವನ ಕಂಪ್ಯೂಟರು ಒಳಗೆ ನುಗ್ಗಿತು, ಮತ್ತೆ ಐದು ಮನೆ ಹೋದವು. ಅಷ್ಟು ಸಾಲದು ಅಂತ ಸಂಜೆ ನಳದ ಮುಂದೆ ಸಾಲಾಗಿದ್ದ ಕೊಡಗಳನ್ನೆಲ್ಲ ಎತ್ತಿ ಬೇವಿನ ಮರದ ಕೆಳಗಿಟ್ಟು ಬಂದ. ಓಣಿಯ ಹೆಂಗಸರೆಲ್ಲ ನೀಲಗಂಗವ್ವನ ಬಾಗಿಲಿಗೆ ಬಂದರು.

ಅವಳು ಮತ್ತೆ ಬೈದಳು. ನಿನ್ನ ಕೊಡ ನೀನು ಎತ್ತು, ಮಂದಿಯ ಕೊಡ ಮುಟ್ಟಬೇಡ, ಯಾರ ಕೊಡ ಅಂತ ಹೆಸರು ಬರಿ ಅಂದಳು. ಶೀಲವಂತ ಪ್ರೋಗ್ರಾಂ ತಿದ್ದಿದ. ಈಗ ಕೊಡದೊಳಗೆ ಇಟ್ಟವರ ಹೆಸರು ಇರುತ್ತಿತ್ತು. ಮನೆಯಲ್ಲಿದ್ದ ಹಳದಿ ಪ್ಲಾಸ್ಟಿಕ್ ಕೊಡದ ಮೇಲೂ ದೊಡ್ಡದಾಗಿ ಶೀಲವಂತ ಅಂತ ಬರೆದ. ಹತ್ತು ದಿನ ಎಲ್ಲ ಸುರಳೀತ ನಡೆಯಿತು.

ಹನ್ನೊಂದನೇ ದಿನ ಇಬ್ಬರೂ ಒಂದೇ ಗಳಿಗೆಯಲ್ಲಿ ಕೂತರು. ಅವಳ ಕಂಪ್ಯೂಟರು ನೋಡಿತು, ಕೊಡ ಇಲ್ಲ. ಇವನ ಕಂಪ್ಯೂಟರೂ ನೋಡಿತು, ಕೊಡ ಇಲ್ಲ. ಅವಳದು ಇಟ್ಟಿತು, ಇವನದೂ ಇಟ್ಟಿತು. ಇಬ್ಬರೂ ಬರೆದರು, ಒಬ್ಬರದು ಹೋಯಿತು. ಅದನ್ನು ಹೇಳಿದವಳು ತೊಂಬತ್ತು ದಾಟಿದ ಸಂಗವ್ವಾಯಿ. ಹೋದದ್ದನ್ನು ಕೇಳೋಣ ಅಂತ ಮರುದಿನ ಟೀಚರ್ ಅವಳ ಮನೆಗೆ ಹೋದರೆ, ಮುದುಕಿಗೆ ಮಾತು ನಿಂತಿತ್ತು. ಕಣ್ಣು ಮಾತ್ರ ಓಣಿಯಲ್ಲಿ ಅಡ್ಡಾಡುತ್ತಿತ್ತು.

ಈ ಸಲ ನೀಲಗಂಗವ್ವ ಬೈಯಲಿಲ್ಲ. ಮಗನ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು. "ನೋಡೋದು ಬ್ಯಾರೆ, ಇಡೋದು ಬ್ಯಾರೆ ಆಗಬಾರದು, ತಮ್ಮಾ. ನೋಡಿದ್ದೂ ಇಟ್ಟಿದ್ದೂ ಒಂದ ಸಲಕ್ಕ ಆಗ್ಬೇಕು. ನಡುವ ಉಸಿರಾಡಾಕೂ ಜಾಗ ಇರಬಾರದು."

ಶೀಲವಂತ ಒಂದಿಡೀ ದಿನ ಕೂತು ಪ್ರೋಗ್ರಾಮಿನ ಎರಡು ಸಾಲನ್ನು ಒಂದು ಸಾಲು ಮಾಡಿದ. ಜಾಗ ಖಾಲಿ ಇದ್ದರೆ ಮಾತ್ರ ಕೊಡ ಇಡು, ಖಾಲಿ ಇರದಿದ್ದರೆ ಆ ಕ್ಷಣವೇ ಆಗದು ಅನ್ನು. ಇಬ್ಬರೂ ಒಟ್ಟಿಗೆ ಕೂತು ನೂರು ಸಲ ಒತ್ತಿ ನೋಡಿದರು. ನೂರು ಸಲವೂ ಒಬ್ಬರದೇ ಕೊಡ ನಿಂತಿತು. ಅಂದಿನಿಂದ ಒಂದು ಮನೆಯೂ ಕಳೆಯಲಿಲ್ಲ. ಮುನ್ನೂರ ಎಂಬತ್ತೊಂದು ಮನೆ ಪಟ್ಟಿಗೆ ಬಂದವು. ಹೋದ ಮನೆಗಳ ಜಾಗವನ್ನು ಟೀಚರ್ ಖಾಲಿ ಬಿಡಿಸಿದರು.

ಆ ಬೇಸಿಗೆಯಲ್ಲಿ ಹಿನ್ನೀರು ಎಂದೂ ಇಳಿಯದಷ್ಟು ಇಳಿಯಿತು. ಹಳೇ ಹೊಳೆಗುಂಡಿ ಮೇಲೆ ಬಂತು. ಗೋಡೆಗಳಿಲ್ಲ, ಬುನಾದಿಯ ಕಲ್ಲುಗಳು, ಹೊಸ್ತಿಲುಗಳು, ಬಿರಿದ ಕೆಸರಿನ ಓಣಿಗಳು. ಜನ ಮನೆಪಟ್ಟಿಯ ಹಾಳೆ ಹಿಡಿದು ಓಣಿಯಲ್ಲಿ ನಡೆದರು. ನೀಲಗಂಗವ್ವ ಮಗನನ್ನು ಕರೆದುಕೊಂಡು ಹೋಗಿ ಒಂದು ಹೊಸ್ತಿಲ ಮುಂದೆ ನಿಂತು, ನೋಡು, ಇದು ನಮ್ಮ ಮನೆ ಅಂದಳು. ಐದು ವರ್ಷದವನಿದ್ದಾಗ ಬಿಟ್ಟ ಮನೆ, ಅವನಿಗೆ ಏನೂ ನೆನಪಿರಲಿಲ್ಲ.

ನೋಡು ಅಂದಳಲ್ಲ, ನೋಡಿದ. ನೋಡಿದ ಕೂಡಲೇ ಉಸಿರೂ ಆಡದೆ ಓಡಿದ. ಹೊಸ ಊರಿಗೆ ಹೋಗಿ ಹಳದಿ ಕೊಡ ತಂದು ಆ ಹೊಸ್ತಿಲ ಮೇಲೆ ಇಟ್ಟ, ಒಳಗೆ ಹೋಗಿ ಬುನಾದಿಯ ಕಲ್ಲಿನ ಮೇಲೆ ಕೂತ. ತಾಯಿ ಇದೇನು ಅಂದಳು. ಕೊಡ ಇಟ್ಟೀನಿ, ಇನ್ನು ನೀರು ಬಂದರೂ ಕಾಯುತ್ತದೆ, ನೀನು ನಿಧಾನಕ್ಕೆ ಎಲ್ಲ ಹೇಳು ಅಂದ. ಅವಳಿಗೆ ನಗು ಬಂತು, ಅಳು ಬಂತು. ಹೇಳಿದಳು. ಒಲೆ ಇಲ್ಲಿತ್ತು, ನಿನ್ನ ತೊಟ್ಟಿಲು ಅಲ್ಲಿತ್ತು, ನಿಮ್ಮಪ್ಪ ಈ ಮೂಲೆಯಲ್ಲಿ ಮಲಗುತ್ತಿದ್ದ. ದಿನವೂ ಬಂದರು, ದಿನವೂ ಹೇಳಿದಳು, ಅವನು ಬರೆದುಕೊಂಡ.

ಎಂಟನೇ ದಿನ ಮೇಲಿನ ಸೀಮೆಯಲ್ಲಿ ಮಳೆಯಾಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ನೀರು ಸದ್ದಿಲ್ಲದೆ ಓಣಿಗೆ ಬಂತು. ಕಾಲ್ಬೆರಳು ಮುಟ್ಟಿತು, ಹೊಸ್ತಿಲು ಮುಟ್ಟಿತು. ತಾಯಿ ಮಗನ ತೋಳು ಹಿಡಿದು ದಿಬ್ಬಕ್ಕೆ ಎಳೆದಳು. ಅವರು ನೋಡುತ್ತಿದ್ದ ಹಾಗೇ ನೀರು ಕೊಡವನ್ನು ಮೆಲ್ಲಗೆ ಎತ್ತಿತು. ಕೊಡ ಒಂದು ಸುತ್ತು ತಿರುಗಿ, ಶೀಲವಂತ ಅನ್ನುವ ಹೆಸರು ತೋರಿಸುತ್ತ, ತೇಲುತ್ತ ಹೊರಟಿತು.

ಶೀಲವಂತ ಮೊಣಕಾಲುದ್ದ ನೀರಿಗಿಳಿದ. ಸೊಂಟದ ಮೇಲೆ ಕೈಯಿಟ್ಟು, ತಾಯಿ ತನ್ನನ್ನು ಬೈಯುವ ಹಾಗೆಯೇ, ಅಷ್ಟಗಲದ ಹಿನ್ನೀರನ್ನು ಬೈದ.

"ಹೆಸರು ಬರ್ದೀನಿ, ಕಾಣಂಗಿಲ್ಲೇನು? ಮಂದಿ ಕೊಡ ಮುಟ್ಟಬ್ಯಾಡ ಅಂತ ನಿಮ್ಮವ್ವ ನಿನಗ ಹೇಳಿಲ್ಲೇನು?"

ಹೇಳಿ, ನೀರು ಹೂಂ ಅನ್ನಲಿ ಅಂತ ಕಾಯುತ್ತ ನಿಂತ.