ಬೆಳಗಿನ ಮೀನು ಅರಗುವ ಮುನ್ನ

ಹತ್ತಾರು ಕೆರೆ ಸುತ್ತಿ ಬೇಸತ್ತ ನೀರುತಿಗಣೆ, ಪಾಚಿಯಲ್ಲಿ ದಾರಿ ತಪ್ಪಿ ಬಸವನಹುಳುವನ್ನು ಕೇಳಿದಳು: “ಅಣ್ಣಾ, ಪ್ರಯೋಗಾಲಯದವರ ಬಲೆ ಯಾವ ಕಡೆ?”

“ಎಲ್ಲರೂ ಅದರಿಂದ ತಪ್ಪಿಸಿಕೊಳ್ಳೋ ದಾರಿ ಕೇಳ್ತಾರೆ, ನಿನಗೇನು ತಲೆ ಕೆಟ್ಟಿದೆಯಾ ತಾಯಿ? ಅವರು ಹೊಟ್ಟೆ ಅರೆದು, ಪ್ರೋಟೀನ್ ಪರೀಕ್ಷಿಸಿ, ಯಾರನ್ನು ತಿಂದೆ ಅಂತ ಹೇಳಿಬಿಡ್ತಾರೆ.”

“ಹೇಳಲಿ ಅಂತಲೇ ಹೊರಟಿದ್ದೇನೆ. ಮೀನುಮರಿಗಳನ್ನು ಹೀರಿದ್ದು ನಾನು. ಆದರೆ ಮೀನು ಸಾಕುವವರ ಅನುಮಾನ ಕಲ್ಲಿಗಂಟಿ ತೋಳು ಚಾಚುವ ಪುಟ್ಟ ಹೈಡ್ರಾಗಳ ಮೇಲೆ. ಸಂಜೆ ಅವುಗಳ ಮೂಲೆಗೆ ವಿಷ ಸುರಿಯುತ್ತಾರಂತೆ.”

“ಸುರಿಯಲಿ ಬಿಡು. ನಿನಗೇನು?”

“ನಾನು ಪೊರೆ ಬಿಟ್ಟು ಮೆತ್ತಗಿದ್ದಾಗ ಅವು ಸುತ್ತಲೂ ತೋಳು ಚಾಚಿ ನನ್ನನ್ನು ಕಾಪಾಡಿದ್ದವು. ಆ ಋಣ ಉಳಿದಿದೆ. ಬೇಗ ಹೇಳು ಮಾರಾಯ, ಬೆಳಗಿನ ಮೀನು ಅರಗಿಹೋದರೆ ಸಾಕ್ಷಿಯೇ ಇರುವುದಿಲ್ಲ.”

ಬಸವನಹುಳು ಕೊಂಬು ತಿರುಗಿಸಿ ದಾರಿ ತೋರಿತು. ನೀರುತಿಗಣೆ ದಣಿದ ಕಾಲು ಬೀಸುತ್ತ ತಾನಾಗಿಯೇ ಬಲೆಯೊಳಗೆ ಹೋಗಿ ಕೂತಳು.