ಹಿಮದ ಗುಡ್ಡದಲ್ಲಿ ಸಿದ್ಲಿಂಗ

ಕೇಳ್ರಪ್ಪ, ಪೆದ್ದತನಕ್ಕೆ ಪಾಸ್‌ಪೋರ್ಟ್ ಬೇಡ. ಅದು ಮನುಷ್ಯನ ಜೊತೆಗೇ ವಿಮಾನ ಹತ್ತುತ್ತೆ. ಮದ್ದೂರಿನ ಪುಟ್ನಂಜಮ್ಮನ ಮಗ ಸಿದ್ಲಿಂಗ ಹತ್ತಿದ್ದೂ ಹಾಗೇ. ಅವ್ವ ಪ್ರವಾಸದ ಬಸ್ಸಿನವರಿಗೆ ಅಡುಗೆಯವಳು, ಮಗ ಪಾತ್ರೆ ಹೊರೋನು. ಆಸ್ಟ್ರಿಯಾದ ಹಿಮದ ಗುಡ್ಡಕ್ಕೆ ಬಂದ ದಿನ ಅಡುಗೆಗೆ ರಜಾ.

"ಹೋಗ್ಲಾ ಮಗ, ನೀನೂ ಜಾರಾಡ್ಕೊಂಡು ಬಾ. ಇವತ್ತೊಂದಿನ ನಾನು ನೆಮ್ಮದಿಯಾಗಿ ಬಿಸಿಲಲ್ಲಿ ಕೂತು ಕಾಫಿ ಕುಡೀತೀನಿ" ಅಂದಳು. ನೆಮ್ಮದಿಯಂತೆ! ಪಾಪ, ಆಸೆ ನೋಡಿ.

ಕಾಫಿ ಬರೋದ್ರೊಳಗೆ ಗಲಾಟೆ. ಸಿದ್ಲಿಂಗ ಸ್ಕೀ ಹಲಗೆ, ಬೂಟು ಎಲ್ಲ ಬಿಚ್ಚಿಟ್ಟು ಬರಿಗಾಲಲ್ಲಿ ಹಿಮದ ಮೇಲೆ ಕುಣೀತಾವನೆ!

"ಯಾಕ್ಲಾ?"

"ಒಪ್ಪ ಮಾಡಿರೋ ಕಡೆ ಮೆಟ್ಟು ಹಾಕ್ಕಂಡು ತುಳೀಬ್ಯಾಡ ಅಂತ ನೀನೇ ಅಲ್ವಾ ಹೇಳಿದ್ದು? ಎಷ್ಟು ಬೆಳ್ಳಗೆ ಮಡಗವ್ರೆ ನೋಡು!"

"ಅಯ್ಯೋ ನನ್ನ ಹಣೇಬರವೇ! ಕಾಲಿಗೆ ಹಾಕಿದ್ದನ್ನ ಬಿಚ್ಚಲೇಬ್ಯಾಡ!"

"ಆಯ್ತವ್ವ."

ಬಿಚ್ಚಲಿಲ್ಲ. ಮಧ್ಯಾಹ್ನ ಹಲಗೆ ಸಮೇತ ಹೋಟೆಲಿಗೆ ನುಗ್ಗಿದ. ತಿರುಗಿದ ಕಡೆ ಕುರ್ಚಿ ಬಿತ್ತು, ಬಗ್ಗಿದ ಕಡೆ ಸೂಪು ಚೆಲ್ಲಿತು.

"ಜನ ಬಂದ್ರೆ ಪಕ್ಕಕ್ಕೆ ಸರಿದು ದಾರಿ ಬಿಡಬಾರ್ದೇನ್ಲಾ, ಮಂಕುದಿಣ್ಣೆ!"

"ಆಯ್ತವ್ವ."

ಬಿಟ್ಟ. ತಂತಿ ಮೇಲೆ ತೂಗಾಡ್ಕೊಂಡು ಹೋಗೋ ಲಿಫ್ಟಲ್ಲಿ ಗುಡ್ಡದ ನೆತ್ತಿಗೆ ಹೋದವನು ಅಲ್ಲೇ ನಿಂತು ಬಂದೋರಿಗೆಲ್ಲ ದಾರಿ ಬಿಟ್ಟ. ಮುದುಕರಿಗೆ ಬಿಟ್ಟ, ಮಕ್ಕಳಿಗೆ ಬಿಟ್ಟ, ಯಾರದ್ದೋ ನಾಯಿಗೂ ಬಿಟ್ಟ. ಹೊತ್ತಿಳೀತು.

"ಲಿಫ್ಟ್ ಇನ್ನೇನು ನಿಲ್ಲುತ್ತೆ, ನಿಮ್ಮ ಮಗ ಎಲ್ಲಮ್ಮ?" ಅಂದ ಬಸ್ಸಿನ ಗೈಡ್ ಧರಣೇಂದ್ರ.

ಪುಟ್ನಂಜಮ್ಮನಿಗೆ ಇರೋನೊಬ್ಬ ಮಗ! ಸೀರೆ ಮೇಲೆ ಸ್ವೆಟರು, ಕೈಗೆ ಗವಸು ಏರಿಸಿ, ಮಾದಪ್ಪನ್ನ ನೆನೆದು ಲಿಫ್ಟ್ ಹತ್ತಿದಳು.

ನೆತ್ತೀಲಿ ಮಗ ಸಿಕ್ಕಿದ. ಹೋದ ಜೀವ ಬಂದಂಗಾಯ್ತು. ಮೊದಲು ಎರಡು ಬಾರಿಸಿದಳು, ಆಮೇಲೆ ತಬ್ಬಿಕೊಂಡು ಅತ್ತಳು.

"ಸದ್ಯ, ಮಾದಪ್ಪ ಕಾಪಾಡ್ದ! ಬಸ್ಸು ಹತ್ತೋಗಂಟ ನನ್ ಕೈ ಬಿಟ್ಟೀಯ, ಜೋಕೆ!"

"ಬಿಡಾಕಿಲ್ಲ ಕಣವ್ವ!"

ಅದೇ ಲಿಫ್ಟಲ್ಲಿ ಕೆಳಗಿಳಿದರು. ಇಳಿಯೋ ಬಾಗಿಲಲ್ಲಿ ನೂಕುನುಗ್ಗಲು. ಯಾರೋ ಮಧ್ಯೆ ತೂರಿದರು, ಅವ್ವನ ಕೈ ಜಾರಿತು, ಗವಸು ಮಾತ್ರ ಮಗನ ಮುಷ್ಟೀಲಿ ಉಳೀತು. ತಿರುಗಿ ನೋಡಿದನೇ? ಊಹೂಂ! ನೆಟ್ಟಗೆ ಹೋಗಿ ಬಸ್ಸು ಹತ್ತಿ ಕೂತ.

"ನಿಮ್ಮವ್ವ ಬಂದ್ರಾ?" ಧರಣೇಂದ್ರ ಮುಂದಿನಿಂದ ಕೂಗಿದ.

"ಕೈ ಹಿಡ್ಕಂಡೇ ಇವ್ನಿ ಸಾ!"

ಬಸ್ಸು ಹೊರಟೇಬಿಡ್ತು. ಪುಟ್ನಂಜಮ್ಮ ಸೀರೆ ಎತ್ತಿ ಕಟ್ಟಿ ಹಿಂದೆ ಓಡಿದಳು. "ನಿಲ್ಸ್ರಪ್ಪೋ!"

ಡ್ರೈವರು ಕನ್ನಡೀಲಿ ಕಂಡು ಬ್ರೇಕ್ ಒತ್ತಿದ. ಸದ್ಯ! ಅವಳು ಏದುಸಿರು ಬಿಡ್ತಾ ತಲೆ ಎತ್ತಿದರೆ, ಮಗ ಕಿಟಕಿಯಿಂದ ಗವಸು ಆಡಿಸ್ತಾವನೆ.

"ಬೆದರಬ್ಯಾಡ ಕಣವ್ವ! ನೀನು ಹಿಂದೆ ಬಿದ್ರೂ ನಿನ್ ಕೈ ನಾನು ಬಿಟ್ಟಿಲ್ಲ!"